ಬಂದ ಸರತಿಯು ಹೆಸರಲ್ಲ

ಹೆಸರಿಡುವುದು ಅಲ್ಪವಾದ ಕೆಲಸವೆಂದು ಭಾವಿಸುವವರು ನಮ್ಮಲ್ಲಿ ಬಹಳ. ಹೆಸರು ಕೆಟ್ಟರೆ ವಸ್ತುವೇ ಕೆಡುವಂಥ ಒಂದು ವಿಷಯವನ್ನು ಸುಜ್ಞ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಗಣಕಯಂತ್ರದ ಅಂಗಾಂಗಗಳನ್ನೆಲ್ಲ ಆಳುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಕರ್ನೆಲ್ ತನಗೆ ಸಿಕ್ಕ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂದು ಕರೆಯುತ್ತದೆ. ಈ ಹೆಸರುಗಳ ಅರ್ಥವಾದರೂ ಏನು? ಮೊದಲು ಕಣ್ಣಿಗೆ ಬಿದ್ದದ್ದು ಎ, ತರುವಾಯ ಬಿದ್ದದ್ದು ಬಿ, ಇಷ್ಟೇ. ಸಂತೆಗೆ ಮೊದಲು ಬಂದವನನ್ನು ಒಂದನೆಯವನೆಂದೂ ಆಮೇಲೆ ಬಂದವನನ್ನು ಎರಡನೆಯವನೆಂದೂ ಕರೆದು, ಆ ಗುರುತಿನ ಮೇಲೆ ಸಾಲದ ಪತ್ರ ಬರೆದರೆ ಹೇಗೋ, ಇದೂ ಹಾಗೆಯೇ.

“ಹೆಸರು ಚಿಕ್ಕದು, ಬಾಯಿಗೆ ಸುಲಭ, ಇಷ್ಟು ವರ್ಷ ನಡೆದುಬಂದಿದೆ” ಎಂದು ಪ್ರತಿಪಕ್ಷದವರು ಹೇಳುವರು. ನಡೆದುಬಂದದ್ದು ಇದಲ್ಲ. ಹಿಂದಿನ ಐಡಿಇ ಡಿಸ್ಕುಗಳ ಎಚ್‌ಡಿಎ, ಎಚ್‌ಡಿಬಿ ಎಂಬ ಹೆಸರುಗಳು ತಂತಿಯ ಸ್ಥಾನವನ್ನು ಹೇಳುತ್ತಿದ್ದವು. ಬಿ ಇಲ್ಲದೆ ಸಿ ಇರಬಹುದಾಗಿತ್ತು. ಎಸ್‌ಡಿ ಎಂಬ ಹೆಸರಿಗೆ ಆ ನೆಲೆಯಿಲ್ಲ. ಕರ್ನೆಲ್ ಈಗ ಹಲವು ಡಿಸ್ಕುಗಳನ್ನು ಏಕಕಾಲಕ್ಕೆ ಅರಸುವದರಿಂದ, ನಿನ್ನೆಯ ಬಿ ಇಂದು ಎ ಆಗಿ ಏಳಬಹುದು.

ಇದರಿಂದಾಗುವ ಕೇಡು ಎಂಥದು? ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದಲ್ಲಿ ತಾಳೆಗರಿಯ ಕಟ್ಟುಗಳಿವೆ. ಇಂಥ ಗರಿಗಳ ಛಾಯಾಪ್ರತಿಗಳೆಲ್ಲ ಒಂದು ಡಿಸ್ಕಿನಲ್ಲಿವೆಯೆಂದೂ, ಪ್ರತಿಯ ಪ್ರತಿಗಾಗಿ ಮತ್ತೊಂದು ಬರಿದಾದ ಡಿಸ್ಕನ್ನು ಜೋಡಿಸಿದೆಯೆಂದೂ ಇಟ್ಟುಕೊಳ್ಳಿರಿ. ಕೈಪಿಡಿಯಲ್ಲಿ “ಎಸ್‌ಡಿಬಿಯನ್ನು ಅಳಿಸಿ ಸಿದ್ಧಮಾಡು” ಎಂದು ಬರೆದಿದೆ. ಆ ದಿನ ಬಿ ಎಂಬ ಹೆಸರು ಮೂಲದ ಪಾಲಿಗೆ ಬಂದಿದ್ದರೆ ಯಂತ್ರವು ತಡೆಯುವದಿಲ್ಲ. ಆಜ್ಞೆ ಸರಿಯಾಗಿಯೇ ಇದೆ. ಗೆದ್ದಲು ಅನೇಕ ವರ್ಷಗಳಲ್ಲಿ ಮಾಡುವ ಹಾಳನ್ನು ಒಂದಕ್ಷರವು ಒಂದು ಕ್ಷಣದಲ್ಲಿ ಮಾಡುವದು.

ಹೆಸರಿನ ಬಗೆಗಳನ್ನು ತಿಳಿಯಲು ನಾವು ದೂರ ಹೋಗಬೇಕಾದದ್ದಿಲ್ಲ. ಹುನಗುಂದ ತಾಲೂಕಿನ ಐಹೊಳೆಯಲ್ಲಿ ಲಾಡಖಾನನ ಗುಡಿಯುಂಟು. ಅದು ಕಟ್ಟಿಸಿದವನ ಹೆಸರಲ್ಲ, ಒಂದು ಕಾಲಕ್ಕೆ ಅದರಲ್ಲಿ ವಾಸವಾಗಿದ್ದವನ ಹೆಸರು. ಇದು ಆಕಸ್ಮಿಕದ ಹೆಸರು. ಬಾದಾಮಿಯ ಗುಹೆಗಳಿಗೆ ಒಂದು, ಎರಡು, ಮೂರು, ನಾಲ್ಕು ಎಂಬ ಎಣಿಕೆಯುಂಟು. ಬೆಟ್ಟವು ಸ್ಥಾನ ಬದಲಿಸುವದಿಲ್ಲವಾದ್ದರಿಂದ ಆ ಎಣಿಕೆ ನಿಂತಿದೆ. ಇದು ಸ್ಥಾನದ ಹೆಸರು. ಮೂರನೆಯ ಗುಹೆಯೊಳಗೆ ಮಂಗಲೇಶನು ಶಕ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ, ಕೆತ್ತಿಸಿದ ಶಾಸನವಿದೆ. ಎಣಿಕೆಯನ್ನು ಯಾರು ಬದಲಿಸಿದರೂ ಗುಹೆಯು ತಾನು ಯಾರದೆಂದು ತಾನೇ ಹೇಳುವದು. ಇದು ಒಡಲಿನ ಹೆಸರು.

ಗಣಕಯಂತ್ರದಲ್ಲಿಯೂ ಈ ಮೂರೂ ಉಂಟು. 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು ಯುಡೆವ್ ಎಂಬ ಸಾಧನವನ್ನು ಮುಂದಿಟ್ಟರು. ಕರ್ನೆಲ್ ಕೊಟ್ಟ ಆಕಸ್ಮಿಕದ ಹೆಸರಿನ ಬದಿಗೆ ಅದು ಸ್ಥಾನದ ಹೆಸರನ್ನೂ ಒಡಲಿನ ಹೆಸರನ್ನೂ ಇಡುತ್ತದೆ. ಜಾಲದ ಕಾರ್ಡುಗಳನ್ನು ಈಥ್0 ಎಂದು ಬಂದ ಸರತಿಯಲ್ಲಿ ಕರೆಯುವದನ್ನು ಬಿಟ್ಟು, ಅವುಗಳಿಗೆ ಸ್ಥಾನದ ಹೆಸರು ಕೊಡುವ ಪದ್ಧತಿಯನ್ನು 2013ರಲ್ಲಿ ಸಿಸ್ಟಮ್‌ಡಿ ತಂದಿತು. ಆದರೆ ಸ್ಥಾನದ ಹೆಸರೂ ನಿರ್ದೋಷವಲ್ಲ; ಹೊಸ ಕಾರ್ಡೊಂದನ್ನು ಸೇರಿಸಿದರೆ ಹಳೆಯದರ ಎಣಿಕೆ ಸರಿಯಬಹುದು. ಯಂತ್ರವು ಬಾದಾಮಿಯ ಬೆಟ್ಟವಲ್ಲ.

ಒಡಲಿನ ಹೆಸರೇ ಶ್ರೇಷ್ಠವಾದದ್ದು. ಯುಯುಐಡಿ ಎಂಬ 128 ಬಿಟ್ಟುಗಳ ಗುರುತನ್ನು ಡಿಸ್ಕಿನ ಒಳಗೇ ಬರೆದಿರುತ್ತದೆ. ಯಾವ ಕಿಂಡಿಗೆ ಜೋಡಿಸಿದರೂ ಅದು ಬದಲಾಗದು. “ಒಂದು ಡಿಸ್ಕನ್ನು ಮತ್ತೊಂದಕ್ಕೆ ಅಕ್ಷರಶಃ ನಕಲು ಮಾಡಿದರೆ ಎರಡಕ್ಕೂ ಒಂದೇ ಯುಯುಐಡಿ ಬರುವದಲ್ಲಾ” ಎಂಬ ಆಕ್ಷೇಪವು ನ್ಯಾಯವಾದದ್ದೇ. ಅದಕ್ಕಾಗಿಯೇ ತಯಾರಕರು ಕೊಟ್ಟ ಕ್ರಮಾಂಕವನ್ನೂ ನೋಡಬೇಕು. ಆಕ್ಷೇಪದಿಂದ ಎಚ್ಚರಿಕೆ ಹೆಚ್ಚಬೇಕೇ ಹೊರತು ಸರತಿಯ ಹೆಸರಿಗೆ ಮರಳಬಾರದು.

ಉದ್ದವಾದ ಗುರುತು ನೆನಪಿನಲ್ಲಿ ನಿಲ್ಲದೆಂಬವರಿಗೆ ಲೇಬಲ್ ಉಂಟು. ಮನುಷ್ಯನು ತಾನೇ ಇಡುವ ಹೆಸರದು. ಇಲ್ಲಿ ಕನ್ನಡಿಗರ ದೂರೊಂದಿದೆ. ಎಕ್ಸ್ಟ್4 ಪದ್ಧತಿಯ ಲೇಬಲ್ಲಿಗೆ 16 ಬೈಟುಗಳ ಸ್ಥಳ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ, ಕೊಂಬಿಗೂ ಗುಡಿಸಿಗೂ ಸಹ, ಮೂರು ಬೈಟು ಬೇಕು. ‘ಮಂದಿರ’ ಎಂಬುದು 15 ಬೈಟುಗಳಲ್ಲಿ ಹಿಡಿಯುತ್ತದೆ. ‘ಬಾದಾಮಿ’ಗೆ 18 ಬೇಕಾಗುವದರಿಂದ ಅದು ಹೊರಗೇ ಉಳಿಯುವದು. ಹೆಸರಿಡುವ ನಿಯಮವನ್ನು ಮಾಡುವವರು ಯಾರ ಲಿಪಿಯನ್ನು ಕಣ್ಣ ಮುಂದಿಟ್ಟುಕೊಂಡಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಆದರೂ ಕಟ್ಟಿನ ಸಂಖ್ಯೆಯನ್ನಾದರೂ ಅಲ್ಲಿ ಬರೆಯಬಹುದು, ಬರೆಯಲೇಬೇಕು.

ಆದಕಾರಣ ಕನ್ನಡದಲ್ಲಿ ಗಣಕದ ಕೈಪಿಡಿ ಬರೆಯುವವರೂ ಶಾಲೆಗಳಲ್ಲಿ ಕಲಿಸುವವರೂ ಈ ರೂಢಿಯನ್ನು ಕೈಬಿಡತಕ್ಕದ್ದು. ಶಾಶ್ವತವಾಗಿ ಉಳಿಯಬೇಕಾದ ಬರೆಹದಲ್ಲಿ ಎಸ್‌ಡಿಬಿ ಎಂದು ಬರೆಯಲಾಗದು. ಯುಯುಐಡಿಯನ್ನು ಇಲ್ಲವೆ ಲೇಬಲ್ಲನ್ನು ಬರೆಯಬೇಕು. ಅಳಿಸುವ ಆಜ್ಞೆಗೆ ಮೊದಲು ಡಿಸ್ಕಿನ ಮೈಮೇಲಿನ ಕ್ರಮಾಂಕವನ್ನೂ ತೆರೆಯ ಮೇಲಿನದನ್ನೂ ಕೂಡಿಸಿ ನೋಡುವದನ್ನು ಮೊದಲ ಪಾಠದಲ್ಲಿಯೇ ಕಲಿಸಬೇಕು. ಹುಡುಗನಿಗೆ ತಪ್ಪು ಹೆಸರನ್ನು ಕಲಿಸಿ, ಮುಂದೆ ಅವನ ಕೈಯಿಂದ ಗ್ರಂಥವೊಂದು ಅಳಿದಾಗ ಅವನನ್ನೇ ಅಜಾಗರೂಕನೆಂದು ಜರೆಯುವದು ಗುರುವಿನ ಲಕ್ಷಣವಲ್ಲ.