ಸಾಕ್ಷಿಯಿಲ್ಲದ ಪರಾಕ್ರಮ

ಕೋಡಿಂಬಾಳದ ಬಾಲಿಕೆಯೊಬ್ಬಳು ಕಳೆದ ವರ್ಷ ನಮ್ಮ ಭಾಷಣ ಸ್ಪರ್ಧೆಯಲ್ಲಿ ವೀರಯೋಧರ ವಿಷಯವಾಗಿ ಮಾತನಾಡಿ ಬಹುಮಾನವನ್ನು ಪಡೆದಳು. ಆ ಭಾಷಣದಲ್ಲಿ ರಕ್ತ, ಖಡ್ಗ, ಸಿಂಹಗರ್ಜನೆ ಇವುಗಳಿಗೆ ಕೊರತೆಯಿರಲಿಲ್ಲ. ಯೋಧನೊಬ್ಬನ ಹೆಸರು ಮಾತ್ರ ಇರಲಿಲ್ಲ. ತಪ್ಪು ಮಗುವಿನದಲ್ಲ, ಕಲಿಸಿದ ನಮ್ಮದು. ಆದುದರಿಂದ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಒಂದು ಹೆಸರನ್ನು ನೆನಪಿಸಿ, ನಮ್ಮ ಅಭಿಪ್ರಾಯವನ್ನು ಅರಿಕೆಮಾಡುವೆವು.

ಸುಳ್ಯದಿಂದ ಸಂಪಾಜೆಯ ಘಾಟಿಯನ್ನು ಹತ್ತಿ ಮಡಿಕೇರಿಗೆ ಹೋದವರು ಅಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಪ್ರತಿಮೆಯನ್ನು ಕಂಡಿರಬಹುದು. 1965ನೇ ಸೆಪ್ಟೆಂಬರ್ 7ರ ಮುಂಜಾನೆ ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ಏರಿಹೋದುವು. ದೇವಯ್ಯನವರು ಆ ದಿನ ಬದಲಿಯಾಗಿ ಕಾದಿದ್ದವರು. ಒಂದು ವಿಮಾನವು ಹಿಂದುಳಿಯಲು, ತಾವು ಹೊರಟರು. ಹಿಂದಿರುಗುವ ದಾರಿಯಲ್ಲಿ ಶತ್ರುಪಕ್ಷದ ಸ್ಟಾರ್‌ಫೈಟರ್ ಒಂದು ಎದುರಾಯಿತು. ಅದು ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲ ಯಂತ್ರ; ಮಿಸ್ಟೇರ್ ಅದರ ಮುಂದೆ ಎತ್ತಿನ ಗಾಡಿಯೆಂದರೂ ತಪ್ಪಾಗದು. ಪೆಟ್ಟು ತಿಂದ ತರುವಾಯವೂ ದೇವಯ್ಯನವರು ಓಡಿಹೋಗದೆ ತಿರುಗಿ ನಿಂತು ಕಾದಿ, ಆ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಚಾಲಕನಾದ ಅಮ್ಜದ್ ಹುಸೇನನು ಪ್ಯಾರಾಚೂಟಿನಿಂದ ಇಳಿದು ಬದುಕಿದನು. ದೇವಯ್ಯನವರು ಮರಳಲಿಲ್ಲ.

ಅವರ ಸಂಗಡಿಗರಲ್ಲಿ ಯಾರೊಬ್ಬರೂ ಈ ಕಾದಾಟವನ್ನು ಕಂಡಿರಲಿಲ್ಲ. ಕಾಣೆಯಾದವರೆಂದು ಬರೆಯಲ್ಪಟ್ಟಿತು, ಅಷ್ಟೇ. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಯುದ್ಧದ ವೃತ್ತಾಂತವನ್ನು ಬರೆದಾಗಲೇ ಸಂಗತಿಯು ಬೆಳಕಿಗೆ ಬಂದಿತು. 1988ರಲ್ಲಿ ಮಹಾವೀರ ಚಕ್ರವು ಪತ್ನಿ ಸುಂದರಿ ದೇವಯ್ಯನವರ ಕೈಸೇರಿತು. ಇಪ್ಪತ್ತಮೂರು ವರ್ಷಗಳು! ಆ ಸಂಗತಿಯಿಂದ ಪ್ರೇರಿತವಾದ ಹಿಂದೀ ಚಲನಚಿತ್ರವೂ 2025ರಲ್ಲಿ ಬಂದಿತು. ಅದರಲ್ಲಿ ವೀರನಿಗೆ ಬೇರೆ ಹೆಸರಿಟ್ಟಿರುವುದು ನಮಗೆ ಅಷ್ಟಾಗಿ ಹಿಡಿಸಲಿಲ್ಲ.

ಶತ್ರುವನ್ನು ಎಷ್ಟು ಮಂದಿ ಕೊಂದನೆಂಬ ಲೆಕ್ಕದಿಂದ ಶೌರ್ಯವನ್ನು ಅಳೆಯುವ ರೂಢಿಯು ನಮ್ಮ ಪಾಠಶಾಲೆಗಳಲ್ಲಿ ಉಂಟು. ಆ ಲೆಕ್ಕದಲ್ಲಿ ದೇವಯ್ಯನವರಿಗೆ ಸೊನ್ನೆ. ಹಾಗಿದ್ದರೂ ಅವರು ವೀರರಲ್ಲವೆಂದು ಹೇಳುವ ಧೈರ್ಯ ಯಾರಿಗುಂಟು? ನೋಡುವವರಿಲ್ಲದ ಸ್ಥಳದಲ್ಲಿ, ಹೊಗಳಿಕೆಯ ಆಸೆಯೇ ಹುಟ್ಟದ ಕ್ಷಣದಲ್ಲಿ ಮಾಡಿದ ಕಾರ್ಯವದು. ಇನ್ನೊಂದು ಮಾತು: ಅವರ ಕೀರ್ತಿಯನ್ನು ಉಳಿಸಿದುದು ಎದುರುಪಕ್ಷದವರ ಬಾಯಿಂದ ಬಂದ ಸತ್ಯ. ಶತ್ರುವಿನ ದೇಶದಿಂದ ಬಂದ ಮಾತೆಲ್ಲ ಸುಳ್ಳೆಂದು ಮಕ್ಕಳಿಗೆ ಕಲಿಸುವ ಹಿರಿಯರು ಇದನ್ನು ಸ್ವಲ್ಪ ಯೋಚಿಸಬೇಕು.

ಯೋಧನ ಪತ್ನಿಯು ಪತಿಯನ್ನು ದೇಶಕ್ಕೆ ಅರ್ಪಿಸಿದಳೆಂದು ವೇದಿಕೆಗಳಲ್ಲಿ ಹೇಳುವುದುಂಟು. ಹೆಣ್ಣುಮಕ್ಕಳ ಶಾಲೆಯನ್ನು ನಡಿಸುವ ನಮಗೆ ಆ ಮಾತು ಸಲೀಸಾಗಿ ಕಾಣುವುದಿಲ್ಲ. ಅರ್ಪಿಸಬೇಕೇ ಎಂದು ಆಕೆಯನ್ನು ಕೇಳಿದವರು ಯಾರು? ಪತಿಯು ಹೇಗೆ ಮಡಿದನೆಂಬುದನ್ನು ತಿಳಿಯಲು ಹದಿನಾಲ್ಕು ವರ್ಷ ಕಾದ ಮನೆಯ ವಿಷಯವನ್ನು ನಮ್ಮ ಭಾಷಣಕಾರ್ತಿಯರು ಇನ್ನೂ ಆಡಿಲ್ಲ.

ಬರುವ ವರ್ಷದ ಸ್ಪರ್ಧೆಗೆ ನಾವು ಒಂದು ನಿಯಮವನ್ನು ಮಾಡಿರುವೆವು. ಯೋಧನ ವಿಷಯವಾಗಿ ಮಾತನಾಡುವ ಬಾಲಿಕೆಯು ಅವನ ಹೆಸರು, ಊರು, ಮಡಿದ ದಿನ, ಮನೆಯಲ್ಲಿ ಉಳಿದವರು, ಈ ಸಂಗತಿಯು ತನಗೆ ಎಲ್ಲಿಂದ ತಿಳಿಯಿತೆಂಬುದು, ಇಷ್ಟನ್ನು ಹೇಳಲೇಬೇಕು. ಸಿಂಹಕ್ಕೆ ಅಂಕಗಳಿಲ್ಲ.