ಶಾಲು ಹೊದಿಸಿದ್ದು ಸಾಕು, ಸೂರು ಕೊಡಿ

ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಬೆನ್ನಿಗೇ ನಮ್ಮ ಜಮಾಅತ್‌ಗಳು ಮತ್ತು ಸಂಘ ಸಂಸ್ಥೆಗಳು ಪ್ರತಿಭಾ ಪುರಸ್ಕಾರದ ವೇದಿಕೆಗಳನ್ನು ಸಜ್ಜುಗೊಳಿಸುತ್ತವೆ. ಶಾಲು, ಹಾರ, ಸ್ಮರಣಿಕೆ, ಗಣ್ಯರ ಭಾಷಣ ಎಲ್ಲವೂ ಸಾಂಗವಾಗಿ ನಡೆಯುತ್ತವೆ. ಸಮುದಾಯ ಶಿಕ್ಷಣದಲ್ಲಿ ಮುಂದೆ ಬರಬೇಕೆಂಬ ಕರೆ ಮೊಳಗುತ್ತದೆ. ಆದರೆ ಬೀದರಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಓದಲು ಹೊರಟ ಆ ಹುಡುಗ, ಆ ಹುಡುಗಿ ನಾಳೆ ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಆ ವೇದಿಕೆಯಲ್ಲಿ ಯಾರಾದರೂ ಕೇಳಿದ್ದುಂಟೇ?

ಬೆಂಗಳೂರಿನ ಪಶ್ಚಿಮ ಭಾಗವನ್ನೇ ನೋಡೋಣ. ಜ್ಞಾನಭಾರತಿ ಆವರಣ, ಮೈಸೂರು ರಸ್ತೆ ಮತ್ತು ಕೆಂಗೇರಿಯ ಇಂಜಿನಿಯರಿಂಗ್ ಕಾಲೇಜುಗಳು, ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜು ಎಲ್ಲವೂ ಇಲ್ಲಿವೆ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾಲೇಔಟ್‌ಗಳಂತೂ ಕೆಎಎಸ್, ಪಿಎಸ್‌ಐ ತರಬೇತಿ ಕೇಂದ್ರಗಳಿಗೆ ನಾಡಿನಾದ್ಯಂತ ಹೆಸರಾಗಿವೆ. ಉತ್ತರ ಕರ್ನಾಟಕದ ಬಡ ಮನೆಗಳ ಮಕ್ಕಳು ಅಲ್ಲಿನ ಪಿಜಿಗಳಲ್ಲಿ, ಹಂಚಿಕೊಂಡ ಕೋಣೆಗಳಲ್ಲಿ ವರ್ಷಗಟ್ಟಲೆ ಕಳೆಯುತ್ತಾರೆ. ಇವರಿಗೆ ಸೀಟು ಸಿಗುವುದು ಕಷ್ಟ. ಸೂರು ಸಿಗುವುದು ಅದಕ್ಕಿಂತಲೂ ಕಷ್ಟ. ನಾಲ್ವರು ಸೇರಿ ಮನೆ ಹಿಡಿಯೋಣವೆಂದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಈ ನಗರದ್ದು. ವಾಸದ ಮನೆಗೆ ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ. ಮನೆ ಮಾಲಕರ ಮೇಲೆ ಅದರ ಅಂಕೆಯಿಲ್ಲ. ಅಗ್ಗದ ಕೋಣೆಗಾಗಿ ದೂರದ ಕೆಂಗೇರಿಗೆ ಹೋಗೋಣವೆಂದರೆ, 2021ರಲ್ಲಿ ಅಲ್ಲಿಗೆ ತಲುಪಿದ ಮೆಟ್ರೋದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60 ರೂಪಾಯಿಯಿಂದ 90ಕ್ಕೇರಿತು. ಬಾಡಿಗೆಯಲ್ಲಿ ಉಳಿಸಿದ್ದನ್ನು ಪ್ರಯಾಣಕ್ಕೆ ತೆರಬೇಕು.

ಸರಕಾರ ಏನು ಮಾಡಿದೆ? ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಅಲ್ಲಿ ಊಟ, ವಸತಿ ಉಚಿತ. ಅಲ್ಲಿ ಸ್ಥಾನ ಸಿಗದವರಿಗಾಗಿ ‘ವಿದ್ಯಾಸಿರಿ’ ಇದೆ. 2013ರಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಆರಂಭವಾಗಿ ಬಳಿಕ ಅಲ್ಪಸಂಖ್ಯಾತರಿಗೂ ವಿಸ್ತರಿಸಿದ ಈ ಯೋಜನೆಯಲ್ಲಿ ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ಯೋಜನೆಯ ಉದ್ದೇಶ ಸ್ತುತ್ಯರ್ಹ. ಆದರೆ ಈ ಮೊತ್ತದಲ್ಲಿ ವಿಜಯನಗರದ ಯಾವ ಮನೆಯ ಯಾವ ಮೂಲೆ ದೊರೆಯುತ್ತದೆ? ಮತ್ತು ವರ್ಷದ ಉಳಿದೆರಡು ತಿಂಗಳು ವಿದ್ಯಾರ್ಥಿ ಎಲ್ಲಿರಬೇಕು?

ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರ ಪಾಡು ಇನ್ನೂ ಕಠಿಣ. ಅವರು ಯಾವ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಇಲ್ಲ. ಆದ್ದರಿಂದ ವಿದ್ಯಾರ್ಥಿನಿಲಯದ ಅರ್ಜಿಗೂ ಅವರು ಅರ್ಹರಲ್ಲ. 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಪ್ರಶ್ನೆಪತ್ರಿಕೆಯ ಭಾಷಾಂತರದ ಅಧ್ವಾನದಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಬೇಕಾಯಿತು. ಆ ನಾಲ್ಕು ತಿಂಗಳ ಪಿಜಿ ಬಾಡಿಗೆಯನ್ನು ಲೋಕಸೇವಾ ಆಯೋಗ ಭರಿಸಲಿಲ್ಲ. ಭರಿಸಿದ್ದು ಊರಲ್ಲಿ ಆಟೋ ಓಡಿಸುವ ತಂದೆ, ಬೀಡಿ ಕಟ್ಟುವ ತಾಯಿ. ಇದು ಯಾವುದೋ ಒಂದು ಧರ್ಮದವರ ಸಂಕಟವಲ್ಲ. ಬಡ ಕನ್ನಡ ವಿದ್ಯಾರ್ಥಿಗಳೆಲ್ಲರ ಸಂಕಟ.

ಆದರೆ ಹೆಸರು ಹೇಳಿದೊಡನೆ ಬಾಗಿಲು ಮುಚ್ಚಿಕೊಳ್ಳುವ ಸಂಕಟ ಎಲ್ಲರದ್ದಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಕೆಲವೊಮ್ಮೆ ಅಡುಗೆಮನೆಯ ನಿಯಮ. ಹಲವು ಸಲ ಅದು ಸಭ್ಯ ಮಾತಿನಲ್ಲಿ ಹೇಳಿದ ‘ನೀವು ಬೇಡ’. ‘ನಾವು ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ’ ಎಂದು ಮಾತು ಕೊಟ್ಟ ಮೇಲೂ ಬಾಗಿಲು ತೆರೆಯದಿದ್ದರೆ ಸಮಸ್ಯೆ ಅಡುಗೆಯದ್ದಲ್ಲ ಎಂಬುದು ಸ್ಪಷ್ಟ. ಕಾನೂನಿನ ಆಸರೆಯೂ ತೆಳು. ಸಂವಿಧಾನದ 15(2)ನೇ ವಿಧಿ ಅಂಗಡಿ, ಉಪಾಹಾರಗೃಹ, ಹೊಟೇಲುಗಳ ಪ್ರವೇಶದಲ್ಲಿ ಧರ್ಮ ಜಾತಿಗಳ ಭೇದವನ್ನು ನಿಷೇಧಿಸುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಅಹ್ಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ಸದಸ್ಯತ್ವವನ್ನು ತನ್ನವರಿಗೇ ಸೀಮಿತಗೊಳಿಸಿದ್ದನ್ನು 2005ರಲ್ಲಿ ಸುಪ್ರೀಮ್ ಕೋರ್ಟು ಎತ್ತಿಹಿಡಿಯಿತು. ಆದರೆ ಅದೇ ನ್ಯಾಯಾಲಯ 2011ರ ಇನ್ನೊಂದು ತೀರ್ಪಿನಲ್ಲಿ, ಈ ವಿಧಿಯ ‘ಅಂಗಡಿ’ ಎಂಬ ಪದವನ್ನು ವಿಶಾಲವಾದ ಅರ್ಥದಲ್ಲಿ ಓದಬೇಕೆಂದಿತು. ಸ್ವಂತ ವಾಸದ ಮನೆಯ ಒಂದು ಕೋಣೆಯ ಮಾತು ಬೇರೆ. ಆದರೆ ಪಾಲಿಕೆಯ ಪರವಾನಿಗೆ ಪಡೆದು, ಹತ್ತಾರು ಹಾಸಿಗೆ ಹಾಕಿ, ಲಾಭಕ್ಕಾಗಿ ನಡೆಸುವ ಪಿಜಿ ಒಂದು ವ್ಯಾಪಾರವಲ್ಲದೆ ಮತ್ತೇನು? 2024ರ ಆಗಸ್ಟಿನಲ್ಲಿ ಆಗಿನ ಬಿಬಿಎಂಪಿಯು ಪಿಜಿಗಳಿಗೆ ನಿಯಮ ರೂಪಿಸಿದಾಗ ಸಿಸಿಟಿವಿಯನ್ನೂ ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗವನ್ನೂ ಕಡ್ಡಾಯಗೊಳಿಸಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಬದಲಿಗೆ ಬಂದ ಐದು ಪಾಲಿಕೆಗಳು, ಅದರಲ್ಲೂ ಪಶ್ಚಿಮ ನಗರ ಪಾಲಿಕೆ, ‘ಧರ್ಮ ಜಾತಿಗಳ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ’ ಎಂಬ ಒಂದು ಸಾಲನ್ನು ಪರವಾನಿಗೆಯ ಷರತ್ತಿಗೆ ಸೇರಿಸಲು ಅಡ್ಡಿಯೇನು?

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಓದುಗರಿಗೆ ಹಿತವೆನಿಸೀತು. ಆದರೆ ಬೆರಳನ್ನು ನಮ್ಮತ್ತಲೂ ತಿರುಗಿಸಬೇಕಾಗಿದೆ.

ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕೈಗೆಟುಕುವ ದರದ ವಿದ್ಯಾರ್ಥಿನಿಲಯಗಳನ್ನು ಆದ್ಯತೆಯ ಮೇರೆಗೆ ಒದಗಿಸಬೇಕೆಂದು 2006ರ ಸಾಚಾರ್ ವರದಿ ಸೂಚಿಸಿತ್ತು. ಆ ವರದಿಯನ್ನು ನಾವು ಎಷ್ಟು ವೇದಿಕೆಗಳಲ್ಲಿ ಉಲ್ಲೇಖಿಸಿಲ್ಲ! ಆದರೆ ಎಷ್ಟು ಹಾಸಿಗೆಗಳನ್ನು ಹಾಸಿದ್ದೇವೆ? ಬೆಂಗಳೂರಿನ ರೈಲು ನಿಲ್ದಾಣದೆದುರು ಗುಬ್ಬಿ ತೋಟದಪ್ಪ ಎಂಬ ವ್ಯಾಪಾರಿ ನೂರು ವರ್ಷಗಳಿಗೂ ಹಿಂದೆ ಛತ್ರ ಕಟ್ಟಿಸಿದರು. ಅವರ ಧರ್ಮಸಂಸ್ಥೆಯ ಆಶ್ರಯದಲ್ಲಿ ಹಳ್ಳಿಗಳಿಂದ ಬಂದ ಎಷ್ಟೋ ಹುಡುಗರು ಓದಿ ಮೇಲೆ ಬಂದರು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ವಿದ್ಯಾರ್ಥಿನಿಲಯದ ಮಹತ್ವವನ್ನು ಬೇಗನೆ ಅರಿಯಿತು. ಸಿದ್ಧಗಂಗೆಯಲ್ಲಿ ಜಾತಿ ಧರ್ಮ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ ಸಿಗುತ್ತದೆ. ಈ ನಾಡಿನಲ್ಲಿ ಹಿಂದುಳಿದಿದ್ದ ಸಮುದಾಯಗಳು ಮುಂದೆ ಬಂದದ್ದು ವಿದ್ಯಾರ್ಥಿನಿಲಯದ ಮೆಟ್ಟಿಲೇರಿಯೇ.

ಹಾಗೆಂದು ನಮಗೆ ಈ ಪರಂಪರೆ ಅಪರಿಚಿತವಲ್ಲ. ಮಸ್ಜಿದುನ್ನಬವಿಯ ಸುಫ್ಫಾ ಎಂದರೆ ಮನೆಯಿಲ್ಲದ ಜ್ಞಾನಾರ್ಥಿಗಳ ವಸತಿಯೇ ಅಲ್ಲವೇ? ಕರಾವಳಿಯ ಮಸೀದಿಗಳ ದರ್ಸ್‌ಗೆ ಬಂದ ಮುತಅಲ್ಲಿಮರಿಗೆ ಮಹಲ್ಲಾದ ಮನೆಗಳು ಸರದಿಯಂತೆ ಊಟ ಕೊಟ್ಟವು. ಬಡ ಮನೆಯೂ ಅದನ್ನು ಭಾರವೆಂದು ಬಗೆಯಲಿಲ್ಲ. ಇಂದಿಗೂ ದೀನೀ ಮದ್ರಸಾದ ವಿದ್ಯಾರ್ಥಿ ಹಾಸಿಗೆಗಾಗಿ ಅಲೆಯಬೇಕಾಗಿಲ್ಲ. ಅದು ನಮ್ಮ ಹೆಮ್ಮೆ. ಆದರೆ ಅದೇ ಮನೆಯ ಇನ್ನೊಬ್ಬ ಮಗ ಇಂಜಿನಿಯರಿಂಗ್ ಸೇರಿದೊಡನೆ ಅವನೇಕೆ ನಮಗೆ ಪರಕೀಯನಾದ? ವೈದ್ಯೆಯಾಗ ಹೊರಟ ಮಗಳ ರಕ್ಷಣೆಯ ಹೊಣೆ ನಮ್ಮದೇಕಲ್ಲ? ಹಾಸ್ಟೆಲಿನಲ್ಲಿ ಮಕ್ಕಳು ದಾರಿ ತಪ್ಪುತ್ತಾರೆಂದು ಆಕ್ಷೇಪಿಸುವ ಹಿರಿಯರೇ, ನಾವು ಬಾಗಿಲು ತೆರೆಯದಿದ್ದರೆ ಅವರು ಯಾವ ಬಾಗಿಲಿಗೆ ಹೋಗಬೇಕು ಎಂಬುದನ್ನೂ ಹೇಳಿ.

ಹಣವಿಲ್ಲ ಎನ್ನಬೇಡಿ. ಸರಕಾರದ ಅನುದಾನ ಪಡೆದೂ ನಾವು ಊರೂರಿನಲ್ಲಿ ಶಾದಿ ಮಹಲ್ ಕಟ್ಟಿದ್ದೇವೆ. ರಮಝಾನ್ ತಿಂಗಳಿಡೀ, ವಾರದ ಬಹುತೇಕ ದಿನ ಅವು ಖಾಲಿ ಬಿದ್ದಿರುತ್ತವೆ. ಒಂದೇ ರಾತ್ರಿಯ ಔತಣಕ್ಕೆ ಮಹಡಿ ಮೇಲೆ ಮಹಡಿ ಕಟ್ಟಿದ ನಮಗೆ, ಅದರ ಮೇಲೊಂದು ಮಹಡಿಯಲ್ಲಿ ಇಪ್ಪತ್ತು ಹಾಸಿಗೆ ಹಾಕುವ ಯೋಚನೆ ಬರಲಿಲ್ಲ. ರಾಜ್ಯದ ಸುಮಾರು 54 ಸಾವಿರ ಎಕರೆ ವಕ್ಫ್ ಭೂಮಿಯಲ್ಲಿ ಅರ್ಧದಷ್ಟು ಕೈತಪ್ಪಿದೆಯೆಂದು ಆಗಿನ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿ 2012ರ ವರದಿಯಲ್ಲಿ ಆರೋಪಿಸಿದ್ದರು. ವರದಿಯ ಬಗ್ಗೆ ವಿವಾದವಿದೆ, ರಾಜಕೀಯವೂ ನಡೆದಿದೆ. ಅದಿರಲಿ, ಕೈಯಲ್ಲಿ ಉಳಿದಿರುವ ಭೂಮಿಯನ್ನಾದರೂ ವಾಕಿಫರ ಆಶಯದಂತೆ ಬಳಸಿದ್ದೇವೆಯೇ?

ಆಗಬೇಕಾದುದು ಇಷ್ಟೇ. ಪಾದರಾಯನಪುರ, ಗೋರಿಪಾಳ್ಯ, ವಿಜಯನಗರದ ಸುತ್ತಲಿನ ಜಮಾಅತ್‌ಗಳು ಒಟ್ಟಾಗಿ ಒಂದು ಕಟ್ಟಡವನ್ನು ಬಾಡಿಗೆಗೆ ಹಿಡಿಯಲಿ. ಮೊದಲ ಕಟ್ಟಡ ಹೆಣ್ಣು ಮಕ್ಕಳಿಗಿರಲಿ. ಝಕಾತ್ ಹಣದಿಂದ ಕಟ್ಟಡ ಕಟ್ಟುವುದನ್ನು ನಮ್ಮ ಫುಕಹಾಗಳಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಆದರೆ ಅರ್ಹ ಬಡ ವಿದ್ಯಾರ್ಥಿಯ ಕೈಗೇ ಝಕಾತ್ ಕೊಟ್ಟು, ಅವನು ತನ್ನ ವಸತಿಯ ಖರ್ಚು ತೆರುವುದಕ್ಕೆ ತಡೆಯಿಲ್ಲ. ಕಟ್ಟಡಕ್ಕೆ ಸದಕಾ ಇದೆ, ವಕ್ಫ್ ಇದೆ. ಬಾಗಿಲು ಎಲ್ಲ ಧರ್ಮದ ಬಡ ವಿದ್ಯಾರ್ಥಿಗಳಿಗೂ ತೆರೆದಿರಲಿ. ನಮ್ಮ ಮುಖಕ್ಕೆ ಮುಚ್ಚಿದ ಬಾಗಿಲನ್ನು ನಾವು ಇನ್ನೊಬ್ಬರ ಮುಖಕ್ಕೆ ಮುಚ್ಚಬಾರದು. ಜೊತೆಗೆ ಸರಕಾರವನ್ನು ಬಿಡಲೂಬಾರದು. ವಿದ್ಯಾಸಿರಿಯ ಮೊತ್ತವನ್ನು ನಗರದ ನಿಜವಾದ ಬಾಡಿಗೆಗೆ ತಕ್ಕಂತೆ, ಹನ್ನೆರಡು ತಿಂಗಳಿಗೆ ನಿಗದಿಪಡಿಸಲಿ. ತರಬೇತಿಯಲ್ಲಿರುವವರಿಗೂ ಅದು ಸಿಗಲಿ.

ಸಮುದಾಯದ ನಾಯಕರು ಮುಂದಿನ ಸನ್ಮಾನ ಸಭೆಯ ಆಮಂತ್ರಣ ಪತ್ರಿಕೆ ಮುದ್ರಿಸುವ ಮೊದಲು ಒಂದು ಲೆಕ್ಕ ಹಾಕಲಿ. ಪೆಂಡಾಲು, ಶಾಲು, ಫಲಕಗಳ ಖರ್ಚಿನಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ತಿಂಗಳು ತಲೆಯ ಮೇಲೆ ಸೂರಿರುತ್ತಿತ್ತು? ಅದಕ್ಕೆ ಪ್ರಾಮಾಣಿಕ ಉತ್ತರ ಸಿಕ್ಕಿದ ಮೇಲೆಯೂ ಸಭೆ ನಡೆಸಲು ಮನಸ್ಸಾದರೆ ನಡೆಸಲಿ.