ಬುದ್ಧಿಯನ್ನಳೆಯುವ ಸೇರು

ಅಕ್ಕಿಯನ್ನಳೆಯುವ ಸೇರು ಅಕ್ಕಿಯ ರುಚಿಯನ್ನು ಹೇಳಲಾರದು. ಹೇಳಬೇಕೆಂದು ಅಂಗಡಿಯವನನ್ನು ಪೀಡಿಸತಕ್ಕವರೂ ಇಲ್ಲ. ಆದರೆ ವಿದ್ಯಾವಂತರ ಮನೆಗಳಲ್ಲಿಯೇ ಒಂದು ವಿಚಿತ್ರವಾದ ಭ್ರಮೆ ಬೇರೂರಿದೆ. ಮಗುವಿಗೆ ಗಂಟೆಯ ಹೊತ್ತು ಪರೀಕ್ಷೆ ಮಾಡಿಸಿ, ಅದರಿಂದ ಬಂದ ‘ಐ. ಕ್ಯೂ.’ ಎಂಬ ಅಂಕವನ್ನು ಜಾತಕದಂತೆ ಪೆಟ್ಟಿಗೆಯಲ್ಲಿಟ್ಟು, ‘ಇವನ ಬುದ್ಧಿ ಇಷ್ಟೇ’ ಎಂದು ತೀರ್ಮಾನಿಸಿಬಿಡುತ್ತಾರೆ. ಇದು ಶಾಸ್ತ್ರವಲ್ಲ, ಶಾಸ್ತ್ರದ ಹೆಸರಿನಲ್ಲಿ ನಡೆಯುವ ಅಪಚಾರ.

ಈ ಪರೀಕ್ಷೆಯ ಮೂಲಪುರುಷನಾದ ಆಲ್ಫ್ರೆಡ್ ಬಿನೆಯ ಉದ್ದೇಶವೇ ಬೇರೆ. ಪ್ಯಾರಿಸಿನ ಶಾಲೆಗಳಲ್ಲಿ ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಶಿಕ್ಷಣವನ್ನು ಒದಗಿಸಬೇಕೆಂದು, ಸಿಮೋನ್ ಎಂಬ ವೈದ್ಯನೊಡನೆ ಆತನು 1905ರಲ್ಲಿ 30 ಪರೀಕ್ಷೆಗಳ ಮಾಪಕವನ್ನು ರಚಿಸಿದನು. ಬುದ್ಧಿಯು ಹೆಚ್ಚಿಸಲಾಗದ ಸ್ಥಿರವಸ್ತುವೆಂಬ ವಾದವನ್ನು 1909ರ ಗ್ರಂಥದಲ್ಲಿ ಆತನೇ ಖಂಡಿಸಿದ್ದಾನೆ. 1911ರಲ್ಲಿ ಆತನು ತೀರಿಕೊಂಡನು. ಮರುವರ್ಷವೇ ಜರ್ಮನಿಯ ಸ್ಟರ್ನನು ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿದನು. 1916ರಲ್ಲಿ ಅಮೆರಿಕದ ಟರ್ಮನನು ಆ ಲಬ್ಧವನ್ನು ನೂರರಿಂದ ಗುಣಿಸಿದನು. ಔಷಧಕ್ಕೆಂದು ಅರೆದದ್ದು ಮುದ್ರೆಯೊತ್ತುವ ಮಸಿಯಾಯಿತು.

ಪರೀಕ್ಷೆಯೇ ಬೇಡವೆನ್ನುವುದೂ ಅವಿವೇಕವೇ. ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಲ್ಲಿಯೇ ಪ್ರಯೋಗಿಸಿ ಬಿನೆಯ ಪರೀಕ್ಷೆಯನ್ನು ಪರಿಷ್ಕರಿಸಿದರು. ಅವರ ಗ್ರಂಥವು 1940ರಲ್ಲಿ ಪ್ರಕಟವಾಯಿತು. ಪ್ರಶ್ನೆಗಳನ್ನು ಭಾಷಾಂತರಿಸಿದ ಮಾತ್ರಕ್ಕೆ ಮಾಪಕವು ಈ ನಾಡಿನದಾಗದೆಂಬುದನ್ನು ಅವರು ಬಲ್ಲರು. ಏಕೆಂದರೆ ನೂರೆಂಬುದು ಮಗುವಿನೊಳಗೆ ಇರುವ ವಸ್ತುವಲ್ಲ; ಯಾವ ಮಕ್ಕಳೊಡನೆ ಹೋಲಿಸಲಾಯಿತೋ ಅವರ ಸರಾಸರಿ. ಆ ಸರಾಸರಿಯೂ ನಿಂತಲ್ಲಿ ನಿಲ್ಲದು. 1932ರಿಂದ 1978ರ ವರೆಗೆ ಅಮೆರಿಕದವರ ಅಂಕವು ಸುಮಾರು 14ರಷ್ಟು ಏರಿತೆಂದು ಫ್ಲಿನ್ ಎಂಬ ವಿದ್ವಾಂಸನು 1984ರಲ್ಲಿ ತೋರಿಸಿದನು. ಅಜ್ಜನ ಸೇರಿನಲ್ಲಿ ಅಳೆದರೆ ಮೊಮ್ಮಕ್ಕಳೆಲ್ಲರೂ ಮೇಧಾವಿಗಳೇ!

ಇನ್ನು ಅಳತೆಯ ದೋಷ. ಅದೇ ಮಗುವನ್ನು ಇನ್ನೊಂದು ದಿನ ಪರೀಕ್ಷಿಸಿದರೆ ಅದೇ ಅಂಕವು ಬರಬೇಕಾಗಿಲ್ಲ. ಅಂಕಗಳ ಮಾನಕ ವಿಚಲನೆ 15, ವಿಶ್ವಸನೀಯತೆ 0.91 ಇರುವ ಒಳ್ಳೆಯ ಮಾಪಕದಲ್ಲಿಯೂ 4.5 ಅಂಕಗಳ ಮಾನಕ ದೋಷವುಂಟು. ಆದುದರಿಂದ 100 ಎಂಬುದನ್ನು 91ರಿಂದ 109ರ ವರೆಗಿನ ಯಾವುದೋ ಒಂದೆಂದು ಓದತಕ್ಕದ್ದು. ಪದೇ ಪದೇ ಒಂದೇ ಅಂಕ ಬಂದರೂ ಅದು ಸತ್ಯವೆನ್ನಲಾಗದು. ತಳವುಬ್ಬಿದ ಸೇರು ಪ್ರತಿಸಲವೂ ಒಂದೇ ಸುಳ್ಳನ್ನು ಹೇಳುತ್ತದೆ. ತರ್ಕವನ್ನೋದಿದವರಿಗೆ ಇದು ಹೊಸ ಮಾತಲ್ಲ. ಮಗುವಿನ ಭಯ, ಹಸಿವು, ಪರೀಕ್ಷಕನ ಪರಭಾಷೆ ಇವೂ ಅಂಕದೊಳಗೆ ನುಸುಳಿದರೆ ಅತಿವ್ಯಾಪ್ತಿ. ಕೈಗೆಲಸದ ಜಾಣ್ಮೆ, ಸಂಗೀತದ ಕಿವಿ, ಲೋಕವ್ಯವಹಾರದ ಚಾತುರ್ಯ ಇವು ಹೊರಗುಳಿದರೆ ಅವ್ಯಾಪ್ತಿ. ಲಕ್ಷಣದಲ್ಲಿ ಈ ಎರಡು ದೋಷಗಳನ್ನು ಸಹಿಸದ ಪಂಡಿತನೂ ಮೊಮ್ಮಗನ ಅಂಕಪಟ್ಟಿಯ ಮುಂದೆ ಕೈಮುಗಿಯುತ್ತಾನಲ್ಲ!

ಇದೆಲ್ಲವೂ ಕೇವಲ ವಾಗ್ವಾದವೆನ್ನುವವರು ಅಮೆರಿಕದ ಫ್ಲಾರಿಡಾ ಸಂಸ್ಥಾನದ ಸಂಗತಿಯನ್ನು ಕೇಳಲಿ. ಬುದ್ಧಿಮಾಂದ್ಯರಿಗೆ ಮರಣದಂಡನೆ ಕೂಡದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ವಿಧಿಸಿತ್ತು. ಬುದ್ಧಿಮಾಂದ್ಯನು ಯಾರು? ಫ್ಲಾರಿಡಾದವರು 70ಕ್ಕೆ ಗೆರೆಯೆಳೆದರು. ಫ್ರೆಡ್ಡಿ ಲೀ ಹಾಲ್ ಎಂಬ ಅಪರಾಧಿಯ ಅಂಕ 71. ಆ ಒಂದಂಕದಿಂದಾಗಿ ಅವನು ಬೇರೆ ಸಾಕ್ಷ್ಯವನ್ನು ಮುಂದಿಡುವ ಹಕ್ಕನ್ನೇ ಕಳೆದುಕೊಂಡನು. ಅಳತೆಯ ದೋಷವನ್ನು ಗಣಿಸದೆ ಇಂಥ ಗೆರೆಯೆಳೆಯುವುದು ಸಲ್ಲದೆಂದು 2014ರಲ್ಲಿ ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರು ತೀರ್ಪಿತ್ತರು. ಉಳಿದ ನಾಲ್ವರು ಒಪ್ಪಲಿಲ್ಲ.